ಆರ್‌ಎಕ್ಸ್ 100: ಹೆಡ್ 1 ಮಿ.ಮೀ. ತೆಗೆಸಿದ ಮೇಲೆ ಘಾಟಿಯಲ್ಲಿ ಟಣಟಣ ಸದ್ದು

ಘಾಟಿಸವಾರ:
ಎಲ್ಲರಿಗೂ ನಮಸ್ಕಾರ. ನನ್ನದು 1994ರ ಯಮಹಾ ಆರ್‌ಎಕ್ಸ್ 100, ಟೂ ಸ್ಟ್ರೋಕ್ ಬೈಕ್. ಬೋರ್ (ಸಿಲಿಂಡರಿನ ಒಳ ಅಗಲ) ಇನ್ನೂ ಸ್ಟ್ಯಾಂಡರ್ಡ್, ಪಿಸ್ಟನ್ ಮತ್ತು ರಿಂಗ್ ಹೊಸತು. ಪಿಕಪ್ ಜಾಸ್ತಿ ಬರಲಿ ಅಂತ ಲೇತಿಗೆ ಕೊಟ್ಟು ಹೆಡ್ಡಿನ (ಸಿಲಿಂಡರ್ ಮೇಲಿನ ಮುಚ್ಚಳ) ಫೇಸ್, ಅಂದರೆ ಸಿಲಿಂಡರಿಗೆ ಕೂರುವ ಮೇಲ್ಮೈ, 1 ಮಿ.ಮೀ. ತೆಗೆಸಿದೆ. ಪೇಟೆಯೊಳಗೆ ಚಂದ ಓಡ್ತದೆ. ಆದರೆ ಚಾರ್ಮಾಡಿ ಹತ್ತುವಾಗ ಮೂರನೇ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟರೆ ಹೆಡ್ಡಿನಿಂದ ಟಣಟಣ ಸದ್ದು, ಕಡಿಮೆ ಮಾಡಿದ ಕೂಡಲೇ ನಿಲ್ತದೆ. ಕಿಕ್ಕರ್ ಒಮ್ಮೊಮ್ಮೆ ವಾಪಸ್ ಒದೀತದೆ. ಪ್ಲಗ್ಗಿನ ಪಿಂಗಾಣಿ ಬೆಳ್ಳಗೆ, ಅದರ ಮೇಲೆ ಸಣ್ಣ ಕಪ್ಪು ಚುಕ್ಕೆಗಳುಂಟು. ಟೈಮಿಂಗ್ (ಪ್ಲಗ್ ಕಿಡಿ ಬಿಡುವ ಹೊತ್ತು) ಹಿಂದೆ ತಗೊಂಡರೆ ಸರಿಯಾಗ್ತದೆ ಅಂತಾರೆ ಮೆಕ್ಯಾನಿಕ್. ಮಾಡಿಸಬಹುದಾ?

ಕೊಡಗು_2ಸ್ಟ್ರೋಕ್:
ನಾನೂ ಅಷ್ಟೇ ತೆಗೆಸಿ ಮಡಿಕೇರಿಯಲ್ಲಿ ಓಡಿಸ್ತಾ ಇದ್ದೀನಿ, ಒಂದು ಸದ್ದಿಲ್ಲ. ಪೆಟ್ರೋಲ್ ಬಂಕ್ ಬದಲಾಯಿಸಿ ನೋಡಿ.

ಲೇತ್‌ರಾಯ:
ಮಡಿಕೇರಿ ಸಾವಿರ ಮೀಟರಿಗೂ ಮೇಲಿದೆ ಮಾರಾಯ್ರೇ, ಅಲ್ಲಿ ಗಾಳಿಯೇ ತೆಳು. ಅದೇ ಹೆಡ್ಡನ್ನು ಘಾಟಿ ಕೆಳಗಿನ ಸೆಕೆಗೆ ತಂದು ಓಡಿಸಿದರೆ ಕಥೆ ಬೇರೆ.

ಘಾಟಿಸವಾರ, ನೀವು ಹೇಳಿದ್ದು ಡೆಟೊನೇಷನ್ನಿನ ಲಕ್ಷಣವೇ, ಅಂದರೆ ಪೆಟ್ರೋಲ್ ಮಿಶ್ರಣ ಹದವಾಗಿ ಉರಿಯದೆ ಒಮ್ಮೆಲೇ ಸಿಡಿಯೋದು. ಲೋಡ್ ಬಿದ್ದಾಗ ಬಂದು, ಕೈ ಸಡಿಲಿಸಿದರೆ ನಿಲ್ಲುತ್ತೆ. ಲೋಡೇ ಇಲ್ಲದೆ, ಆರ್‌ಪಿಎಂ ತುಂಬಾ ಏರಿದಾಗ ಮಾತ್ರ ಬಡಿಯುವ ಸದ್ದಾಗಿದ್ದರೆ ಪಿಸ್ಟನ್ ಹೆಡ್ಡಿಗೆ ತಾಗುತ್ತಿದೆಯಾ ಅಂತ ನೋಡಬೇಕಿತ್ತು. ಈಗ ಟೈಮಿಂಗ್ ಹಿಂದಕ್ಕೆ ತಂದರೆ ಸದ್ದು ಅಡಗಬಹುದು, ಆದರೆ ಕಾರಣ ಹೆಡ್ಡಿನೊಳಗೇ ಉಳಿಯುತ್ತೆ. ಮೊದಲು ಎರಡು ಅಳತೆ ತಗೊಳ್ಳಿ. ಅಲ್ಲಿಯವರೆಗೆ ಘಾಟಿ ಬೇಡ, ಪಿಸ್ಟನ್ ಅಂಚು ಕರಗಿ ತೂತು ಬೀಳೋಕೆ ಜಾಸ್ತಿ ಹೊತ್ತು ಬೇಕಿಲ್ಲ.

ಒಂದು, ಸ್ಕ್ವಿಶ್, ಅಂದರೆ ಪಿಸ್ಟನ್ ಪೂರ್ತಿ ಮೇಲಿರುವಾಗ ಅದರ ಅಂಚಿಗೂ ಹೆಡ್ಡಿಗೂ ನಡುವಿನ ಸಂದು. ಒಂದೂವರೆ ಮಿ.ಮೀ. ದಪ್ಪದ ಸೋಲ್ಡರ್ ತಂತಿಯನ್ನು ಬಗ್ಗಿಸಿ ಪ್ಲಗ್ ತೂತಿನಿಂದ ಬೋರ್ ಅಂಚಿನವರೆಗೆ ಬಿಟ್ಟು, ಕಿಕ್ಕರನ್ನು ಕೈಯಲ್ಲೇ ಒತ್ತಿ ಪಿಸ್ಟನ್ ಪೂರ್ತಿ ಮೇಲೆ ಬಂದು ದಾಟುವಂತೆ ಮಾಡಿ. ಚಪ್ಪಟೆಯಾದ ತುದಿಯನ್ನು ವರ್ನಿಯರ್‌ನಲ್ಲಿ ಅಳೆಯಿರಿ. ಪಿಸ್ಟನ್ ಪಿನ್ ಇರುವ ದಿಕ್ಕಿನಲ್ಲೇ, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ. ಹಿಂದೆ ಮುಂದೆ ಹಾಕಿದರೆ ಪಿಸ್ಟನ್ ವಾಲಿ ಸುಳ್ಳು ಅಳತೆ ಕೊಡುತ್ತೆ.

ಎರಡು, ಚೇಂಬರ್, ಅಂದರೆ ಪಿಸ್ಟನ್ ಮೇಲೆ ಹೆಡ್ಡಿನೊಳಗೆ ಉಳಿಯುವ ಜಾಗ. ಪಿಸ್ಟನ್ ಪೂರ್ತಿ ಮೇಲಿರುವಾಗ ಸಿರಿಂಜಿನಲ್ಲಿ ತೆಳು ಎಣ್ಣೆ ಹಾಕಿ, ಪ್ಲಗ್ ಥ್ರೆಡ್ಡಿನ ಕೆಳಗಿನ ಅಂಚಿನವರೆಗೆ ಎಷ್ಟು ಸಿಸಿ ಹಿಡಿಯಿತು ಅಂತ ಬರೆಯಿರಿ. ಹೆಡ್ ಬಿಚ್ಚಿದಾಗ ಎಕ್ಸಾಸ್ಟ್ ಪೋರ್ಟಿನ (ಸಿಲಿಂಡರ್ ಗೋಡೆಯಲ್ಲಿ ಹೊಗೆ ಹೋಗುವ ತೂತು) ಮೇಲಂಚು ಪಿಸ್ಟನ್ ಮೇಲ್ತುದಿಯಿಂದ ಎಷ್ಟು ಕೆಳಗಿದೆ ಅಂತಲೂ ನೋಡಿ.

ಘಾಟಿಸವಾರ:
ಅಳೆದೆ ಸರ್. ತಂತಿ ಎಡಕ್ಕೆ 0.45, ಬಲಕ್ಕೆ 0.70. ಎಣ್ಣೆ 7.6 ಸಿಸಿ. ಪೋರ್ಟ್ 27 ಮಿ.ಮೀ. ಕೆಳಗೆ ಉಂಟು.

ಲೇತ್‌ರಾಯ:
ಎಡಕ್ಕೂ ಬಲಕ್ಕೂ ಕಾಲು ಮಿ.ಮೀ. ವ್ಯತ್ಯಾಸ! ಹೆಡ್ಡನ್ನು ಫಿನ್ (ತಣಿಸುವ ರೆಕ್ಕೆ) ಹಿಡಿದು ಲೇತಿನ ಚಕ್ಕಿಗೆ ಕಟ್ಟಿದ್ದಾರೆ, ಫೇಸ್ ವಾರೆಯಾಗಿದೆ.

ಲೆಕ್ಕ ನೋಡಿ. 50 ಮಿ.ಮೀ. ಬೋರಿಗೆ 1 ಮಿ.ಮೀ. ತೆಗೆದರೆ ಹತ್ತಿರ ಹತ್ತಿರ 2 ಸಿಸಿ ಹೋಗುತ್ತೆ. ಅಂದರೆ ಮೊದಲು ನಿಮ್ಮ ಚೇಂಬರ್ ಸುಮಾರು 9.6 ಸಿಸಿ ಇತ್ತು. ಪೋರ್ಟ್ ಮುಚ್ಚಿದ ಮೇಲೆ ಉಳಿಯುವ 27 ಮಿ.ಮೀ. ಅಂದರೆ 53 ಸಿಸಿ. 53ಕ್ಕೆ 9.6 ಕೂಡಿಸಿ 9.6ರಿಂದ ಭಾಗಿಸಿದರೆ 6.5, ಇದೇ ಕಂಪ್ರೆಷನ್, ಅಂದರೆ ಮಿಶ್ರಣ ಎಷ್ಟು ಪಟ್ಟು ಅದುಮಿಕೊಳ್ಳುತ್ತೆ ಅನ್ನೋದು. ಈಗಿನದು 8. ಗಾಳಿಯಲ್ಲಿ ತಣಿಯುವ ಇಂಜಿನ್ನಿಗೆ, ಬಂಕಿನ ಮಾಮೂಲಿ ಪೆಟ್ರೋಲಿನಲ್ಲಿ, ಘಾಟಿ ಹತ್ತೋಕೆ ಇದು ಅತಿಯಾಯ್ತು. ಪೂರ್ತಿ ಸ್ಟ್ರೋಕ್ ಹಿಡಿದು ಲೆಕ್ಕ ಹಾಕಿದರೆ 14ರ ಹತ್ತಿರ ಬರುತ್ತೆ, ಅದನ್ನು ಫೋರ್ ಸ್ಟ್ರೋಕಿನ ಅಂಕಿ ಜೊತೆ ಹೋಲಿಸೋಕೆ ಹೋಗಬೇಡಿ.

ಬೋರ್‌ಪಿಸ್ಟನ್:
ಗುರೂ, ಬ್ಲಾಕ್ (ಸಿಲಿಂಡರ್) ಕೆಳಗೆ ಎರಡು ಪ್ಯಾಕಿಂಗ್ ಹಾಕಿದ್ರೆ ಮುಗೀತಲ್ಲ?

ಲೇತ್‌ರಾಯ:
ಜಾಗ ಸಿಗುತ್ತೆ, ಆದರೆ ಬ್ಲಾಕ್ ಜೊತೆ ಪೋರ್ಟುಗಳೂ ಮೇಲೇರುತ್ತವೆ. ಘಾಟಿಗೆ ಬೇಕಾದ, ಕಡಿಮೆ ಆರ್‌ಪಿಎಂನ ಎಳೆತವೇ ಕಮ್ಮಿಯಾಗುತ್ತೆ. ರೇಸಿಗೆ ಹೋಗುವವರು ಬೇಕಾದರೆ ಮಾಡಲಿ.

ನಾನಾದರೆ ಹೀಗೆ ಮಾಡಿಸ್ತೀನಿ. ಪ್ಲಗ್ಗಿನ 14 ಮಿ.ಮೀ. ಥ್ರೆಡ್ಡಿಗೆ ಕೂರುವ ಮ್ಯಾಂಡ್ರೆಲ್ (ಲೇತಿನಲ್ಲಿ ಹೆಡ್ ಹಿಡಿಯುವ ಕಡ್ಡಿ) ಲೇತಿನಲ್ಲೇ ಮಾಡಿಸಿ, ಹೆಡ್ಡನ್ನು ಅದಕ್ಕೆ ಬಿಗಿದು ಫೇಸ್ ನೇರ ಮಾಡಿಸಬೇಕು. ವಾರೆ ಹೋಗುವಷ್ಟೇ ಸಾಕು. ಸ್ಕ್ವಿಶ್ ಸುತ್ತಲೂ 0.4ರ ಹತ್ತಿರ ನಿಲ್ಲುತ್ತೆ. ಆಮೇಲೆ ಈಗಿನ ಪ್ಯಾಕಿಂಗಿಗಿಂತ ಅರ್ಧ ಮಿ.ಮೀ. ಹೆಚ್ಚು ದಪ್ಪದ ತಾಮ್ರದ ಪ್ಯಾಕಿಂಗ್ ಹಾಕಿದರೆ 0.9 ಸಿಗುತ್ತೆ, ಕಂಪ್ರೆಷನ್ 7.4ಕ್ಕೆ ಇಳಿಯುತ್ತೆ. ತಾಮ್ರವನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿ ಹಾಕಿ, ಮೆತ್ತಗಾಗಿ ಚೆನ್ನಾಗಿ ಕೂರುತ್ತೆ. ಅದರ ಒಳ ಅಂಚು ಬೋರಿನೊಳಗೆ ಇಣುಕಬಾರದು, ಇಣುಕಿದ ಅಂಚು ಕೆಂಡವಾಗಿ ತಾನೇ ಕಿಡಿ ಹಚ್ಚುತ್ತೆ.

ಇನ್ನೂ ಕಟ್ಟುನಿಟ್ಟಾಗಿ ಮಾಡಬೇಕೆಂದರೆ, ಸ್ಕ್ವಿಶ್ 0.8ಕ್ಕೆ ತಂದು ನಡುವಿನ ಬಟ್ಟಲನ್ನು ತುಸು ಅಗಲಿಸಿ ಸಿಸಿ ಹೊಂದಿಸಬಹುದು. ಅದಕ್ಕೆ ಕೈ ಕುದುರಿದ ಟರ್ನರ್ ಬೇಕು.

ಪ್ಲಗ್ ಒಂದು ನಂಬರ್ ತಣ್ಣನೆಯದು (ಬಿಸಿಯನ್ನು ಬೇಗ ಬಿಟ್ಟುಕೊಡುವುದು) ಹಾಕಿ. ಎನ್‌ಜಿಕೆ ಆದರೆ 7ರ ಜಾಗದಲ್ಲಿ 8. ನಮ್ಮ ಕಡೆ ಇನ್ನೂ ಮೈಕೋ ಅಂತಲೇ ಕರೆಯುವ ಬಾಷ್‌ನಲ್ಲಿ ಲೆಕ್ಕ ಉಲ್ಟಾ, ನಂಬರ್ ಇಳಿದಷ್ಟೂ ಪ್ಲಗ್ ತಣ್ಣಗೆ. ಇದರಲ್ಲಿ ಎಡವುವವರು ಬಹಳ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬಿಡುವ ಮೇನ್ ಜೆಟ್ಟನ್ನೂ ಒಂದು ಸೈಜ್ ಏರಿಸಿ. ಇ20 (ಶೇ. 20 ಎಥನಾಲ್ ಬೆರೆಸಿದ) ಪೆಟ್ರೋಲಿನ ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ ಹಳೆಯ ಜೆಟ್ಟಿಗೆ ಮಿಶ್ರಣ ಲೀನ್ ಆಗುತ್ತೆ, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಸಾಲದಾಗುತ್ತೆ. ಪಿಂಗಾಣಿ ಬೆಳ್ಳಗಾಗಿದ್ದರಲ್ಲಿ ಅದರ ಪಾಲೂ ಇರಬೇಕು.

ಘಾಟಿಸವಾರ:
ಮ್ಯಾಂಡ್ರೆಲ್ ಮಾಡಿಸಿ ಫೇಸ್ ಸರಿ ಮಾಡಿಸಿದೆ ಸರ್, ತಾಮ್ರವೂ ಹಾಕಿ ಆಯಿತು. ಈಗ ತಂತಿ ಎರಡೂ ಕಡೆ 0.9. ನಿನ್ನೆ ಘಾಟಿಯ ಮೇಲಿನ ಕೊಟ್ಟಿಗೆಹಾರದವರೆಗೆ ಹಿಂದೆ ತಮ್ಮನನ್ನು ಕೂರಿಸಿಕೊಂಡು ಹತ್ತಿದೆ, ಟಣಟಣ ಇಲ್ಲ. ಪ್ಲಗ್ ಕಂದು ಬಣ್ಣ. ಒಂದೇ ಒಂದು, ಮುಂದಿನ ಬಲಗಡೆ ಸ್ಟಡ್ ಹತ್ತಿರ ತುಸು ಎಣ್ಣೆ ಜಿನುಗ್ತಾ ಉಂಟು.

ಲೇತ್‌ರಾಯ:
ತಾಮ್ರ ಮೊದಲ ಬಿಸಿಗೆ ಕೂರುತ್ತೆ, ನಟ್ ಸಡಿಲಾಗುತ್ತೆ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಟಾರ್ಕ್ ರೆಂಚಿನಲ್ಲಿ, ಎದುರು ಬದುರು ನಟ್ಟುಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಆಮೇಲೂ ಜಿನುಗಿದರೆ ಹೆಡ್ ಬಿಚ್ಚಿ, ಬ್ಲಾಕಿನ ಮೇಲ್ಮೈಯನ್ನು ಗಾಜಿನ ಮೇಲೆ ಎಮರಿ ಹಾಳೆ ಇಟ್ಟು ಉಜ್ಜಿ ನೋಡಿ. ಸ್ಟಡ್ ಬುಡದಲ್ಲಿ ಉಬ್ಬಿದ್ದರೆ ಅಲ್ಲೇ ಹೊಳಪು ಕಾಣುತ್ತೆ.