ಎರಡು ಬ್ಯಾಟರಿಯ ವೇಪ್: ಸಿಪ್ಪೆ ಹರಿದ ಬ್ಯಾಟರಿ ಬಳಸಬಹುದಾ?

ದಾವಣಗೆರೆ_ಲೆಸ್ಟರ್:
ಹನ್ನೆರಡು ವರ್ಷದ ಸಿಗರೇಟು ಬಿಟ್ಟು ವೇಪ್‌ಗೆ (ಬ್ಯಾಟರಿಯ ಇ-ಸಿಗರೇಟಿಗೆ) ಬಂದವನು ನಾನು. 2025ರ ಜೂನ್ 1ರಿಂದ ಇಂಗ್ಲೆಂಡಿನಲ್ಲಿ ಬಳಸಿ ಬಿಸಾಡುವ ವೇಪ್ ಮಾರಾಟ ನಿಂತಿತಲ್ಲ, ಆಮೇಲೆ 18650 ಅಳತೆಯ, ಚಾರ್ಜ್ ಮಾಡಿ ಬಳಸೋ ಬ್ಯಾಟರಿ ಎರಡು ಹಾಕುವಂಥದ್ದು ತಗೊಂಡೆ. ಒಂದು ಬ್ಯಾಟರಿಯ ಪ್ಲಾಸ್ಟಿಕ್ ಸಿಪ್ಪೆ ಮೇಲಂಚಿನಲ್ಲಿ ಹರಿದಿದೆ, ಸೆಲ್ಲೋ ಟೇಪ್ ಸುತ್ತಿದ್ದೇನೆ. ಸಾಕಾ? ಹೊಸ ಕಾಯಿಲ್ (ನಿಕೋಟಿನ್ ದ್ರವವನ್ನು ಕಾಯಿಸಿ ಆವಿ ಮಾಡುವ ತಂತಿ ಸುರುಳಿ) ಹಾಕಿದ ದಿನವೇ ಸುಟ್ಟ ವಾಸನೆ ಬೇರೆ. ಡಿಸೆಂಬರಿನಲ್ಲಿ ಊರಿಗೆ ಬರ್ತಿದ್ದೇನೆ, ಜೊತೆಗೆ ತರಬಹುದಾ?

ಹಾಸನದ_ರಿಪೇರಿಯವನು:
ತಮ್ಮಾ, ಮೊದಲು ಆ ಬ್ಯಾಟರಿ ಹೊರಗೆ ತೆಗಿ. ಉಳಿದದ್ದು ಆಮೇಲೆ ಓದು.

ಮೇಲಿನ ಗುಬುಟು ಮಾತ್ರ ಪ್ಲಸ್. ಉಳಿದ ಇಡೀ ಲೋಹದ ಡಬ್ಬಿ ಮೈನಸ್, ಅದೂ ಪ್ಲಸ್ಸಿನ ಪಕ್ಕದವರೆಗೂ ಮಡಚಿಕೊಂಡು ಬಂದಿರುತ್ತೆ. ನಡುವೆ ತಡೆಯಾಗಿರೋದು ಒಂದು ಉಂಗುರ, ಆ ತೆಳು ಸಿಪ್ಪೆ, ಅಷ್ಟೇ. ನಿನ್ನದು ಹರಿದಿರೋದು ಅಲ್ಲೇ, ಲೋಹ ತಾಗಿದರೆ ಪ್ಲಸ್ಸು ಮೈನಸ್ಸು ಸೇರಿ ಶಾರ್ಟ್ ಆಗುತ್ತೆ. ಬಿಸಿಗೆ ಟೇಪಿನ ಅಂಟು ಬಿಡುತ್ತೆ. ಡಬ್ಬಿ ನೆಗ್ಗಿರದಿದ್ದರೆ ಹೊಸ ಸಿಪ್ಪೆ ಹಾಕಿಸಬಹುದು, ನೆಗ್ಗಿದ್ದರೆ ಎಸೆಯೋದೇ. ಮನೆ ಕಸಕ್ಕೆ ಹಾಕಬೇಡ, ಕಸದ ಲಾರಿಗಳಿಗೆ ಬೆಂಕಿ ಬೀಳೋದು ಇಂಥವುಗಳಿಂದಲೇ. ಎರಡು ತುದಿಗೂ ಟೇಪ್ ಹಚ್ಚಿ ಬ್ಯಾಟರಿ ಸಂಗ್ರಹದ ಡಬ್ಬಕ್ಕೆ ಕೊಡು.

ನನ್ನ ತೊಡೆ ಮೇಲೆ ಇವತ್ತಿಗೂ ಅಂಗೈ ಅಗಲದ ಕಲೆ ಇದೆ. ಜೀನ್ಸ್ ಜೇಬಿನಲ್ಲಿ ಬಿಡಿ ಬ್ಯಾಟರಿ, ಜೊತೆಗೆ ಬೀಗದ ಕೈ ಗೊಂಚಲು. ಪ್ಯಾಂಟು ಬಿಚ್ಚೋಷ್ಟರಲ್ಲಿ ಚರ್ಮ ಬೆಂದಿತ್ತು. ಬಿಡಿ ಬ್ಯಾಟರಿಗೆ ಪ್ಲಾಸ್ಟಿಕ್ ಡಬ್ಬಿ ಇಲ್ಲದೆ ಮನೆ ಹೊಸಿಲು ದಾಟಬೇಡ.

ಹೊಸದನ್ನು ಒಂದೇ ತರ್ತೀಯ ಅಂದ್ಕೊಂಡಿದ್ದೀನಿ. ಬೇಡ, ಜೋಡಿಯಾಗೇ ತಗೋ. ಹಳೇದು ಹೊಸದು ಸೇರಿಸಿದರೆ ದುರ್ಬಲವಾದದ್ದು ಮೊದಲು ಬರಿದಾಗಿ, ಇನ್ನೊಂದರ ಎಳೆತಕ್ಕೆ ಸಿಕ್ಕಿ ಬಿಸಿಯಾಗುತ್ತೆ. ಎರಡರ ಮೇಲೂ ಗುರುತು ಬರೆದು ಒಟ್ಟಿಗೇ ಚಾರ್ಜ್ ಮಾಡು. 4.2 ವೋಲ್ಟ್ ತುಂಬಿದ ಕೂಡಲೇ ತೆಗಿ, ಹಾಸಿಗೆ ಮೇಲಿಟ್ಟು ಮಲಗಬೇಡ.

ಕಾಯಿಲ್ ವಿಷಯ ದೀಪದ ಬತ್ತಿಯ ಹಾಗೆ. ಎಣ್ಣೆ ಹೀರದೆ ಹಚ್ಚಿದರೆ ಬತ್ತಿಯೇ ಸುಡುತ್ತೆ. ಕಾಯಿಲ್‌ನಲ್ಲಿ ಹತ್ತಿ ಕಾಣೋ ತೂತುಗಳಿಗೆ ನಾಲ್ಕು ಹನಿ ದ್ರವ ಬಿಟ್ಟು, ಟ್ಯಾಂಕ್ ತುಂಬಿಸಿ, ಹತ್ತು ನಿಮಿಷ ಕಾಯಿ. ಕಾಯಿಲ್ ಮೇಲೆ ಬರೆದಿರೋ ವ್ಯಾಟ್‌ಗಳಲ್ಲಿ ಕಡಿಮೆಯದರಿಂದ ಶುರು ಮಾಡು. ಸಿಹಿ ಜಾಸ್ತಿ ಇರೋ ದ್ರವ ಕರಕಲು ಕಟ್ಟುತ್ತೆ, ಕಾಯಿಲ್ ಬೇಗ ಹೋಗುತ್ತೆ. ವಾರಕ್ಕೊಮ್ಮೆ ಟ್ಯಾಂಕ್ ಮಾತ್ರ ಉಗುರು ಬೆಚ್ಚಗಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸು. ದ್ರವ ಕೈಗೆ ತಾಗಿದರೆ ತೊಳ್ಕೋ, ನಿಕೋಟಿನ್ ಚರ್ಮದಿಂದಲೂ ಒಳಗೆ ಹೋಗುತ್ತೆ.

ಧಾರವಾಡದಾಕಿ:
ಊರಿಗೆ ತರೋ ವಿಚಾರ ಬಿಟ್ಟಬಿಡ್ರಿ. ಕರ್ನಾಟಕದಾಗ 2016ರಾಗ ನಿಷೇಧ ಆತು, 2019ರ ಇ-ಸಿಗರೇಟ್ ನಿಷೇಧ ಕಾಯ್ದೆ ಬಂದ ಮ್ಯಾಲೆ ಇಡೀ ದೇಶಕ್ಕ. ಹೊರಗಿಂದ ತರೋದು ಸುದ್ಧಾ ಅಪರಾಧ: ಮೊದಲನೇ ಸಲಕ್ಕ ಒಂದು ವರ್ಷದ ತನಕ ಜೈಲು, ಇಲ್ಲಾ 1 ಲಕ್ಷದ ತನಕ ದಂಡ, ಇಲ್ಲಾ ಎರಡೂ. ಬ್ಯಾಟರಿ ಹೊರಗ ತಗದು, ಅರ್ಧ ಚಾರ್ಜಿನ್ಯಾಗ ತಂಪು ಜಾಗಾದಾಗ ಇಟ್ಟು ಬರ್ರಿ. ನಿಕೋಟಿನ್ ಗಮ್ ಇಲ್ಲಿ ಔಷಧ ಅಂಗಡ್ಯಾಗ ಸಿಗ್ತದ, ಹೊರಡೋಕಿಂತ ಮೊದಲ ಡಾಕ್ಟರನ್ನ ಕೇಳ್ರಿ. ಮತ್ತ ಸಿಗರೇಟಿಗೆ ಮಾತ್ರ ಕೈ ಹಾಕಬ್ಯಾಡ್ರಿ.

ದಾವಣಗೆರೆ_ಲೆಸ್ಟರ್:
ಅಣ್ಣಾ, ಟೇಪ್ ಬಿಚ್ಚಿ ನೋಡಿದೆ. ಅದರ ಅಡಿಯಲ್ಲಿ ಡಬ್ಬಿಯೂ ನೆಗ್ಗಿತ್ತು. ತುದಿಗಳಿಗೆ ಟೇಪ್ ಹಚ್ಚಿ ಒಂದು ಗಾಜಿನ ಭರಣಿಯಲ್ಲಿ ಹಿತ್ತಲಿಗೆ ಇಟ್ಟಿದ್ದೇನೆ, ನಾಳೆ ಬೆಳಿಗ್ಗೆ ಕೊಟ್ಟು ಬರ್ತೀನಿ.