ಹೊಸ ಪಿಕಪ್: ಖಾಲಿ ಇದ್ದಾಗ ಹಿಂಬದಿ ಜಾರುತ್ತದೆ, ಲೋಡ್ ಹಾಕಿದರೆ ಸ್ಟೀರಿಂಗ್ ಹಗುರವಾಗುತ್ತದೆ

ಹೊಸಗಾಲಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಹನ್ನೆರಡು ವರ್ಷ ಸಣ್ಣ ಕಾರು ಓಡಿಸಿದ ಮೇಲೆ, ಮೂರು ವಾರಗಳ ಹಿಂದೆ ಡಬಲ್ ಕ್ಯಾಬ್ (ಎರಡು ಸಾಲು ಸೀಟಿನ) ಪಿಕಪ್ ಒಂದನ್ನು ಕೊಂಡಿದ್ದೇನೆ. ಈ ಮೂರು ವಾರಗಳಲ್ಲಿ ಎರಡು ಸಲ ಹೆದರಿದ್ದೇನೆ, ಆದ್ದರಿಂದ ಅನುಭವಸ್ಥರನ್ನು ಕೇಳುತ್ತಿದ್ದೇನೆ.

ಮೊದಲನೆಯದು ಮಳೆ ನಿಂತು ಸ್ವಲ್ಪ ಹೊತ್ತಾದ ಮೇಲೆ ನಡೆದದ್ದು. ಗಾಡಿ ಪೂರ್ತಿ ಖಾಲಿ ಇತ್ತು. ವೃತ್ತವೊಂದನ್ನು ಸುತ್ತಿ ಹೊರಬರುವಾಗ ಕಾರಿನಲ್ಲಿ ಒತ್ತುತ್ತಿದ್ದಷ್ಟೇ ಆಕ್ಸಿಲರೇಟರ್ ಒತ್ತಿದೆ. ಹಿಂಬದಿ ಒಂದು ಮೊಳದಷ್ಟು ಹೊರಕ್ಕೆ ಜರುಗಿತು, ಡ್ಯಾಶ್‌ಬೋರ್ಡಿನಲ್ಲಿ ಜಾರುವ ಗಾಡಿಯ ಚಿತ್ರವಿರುವ ದೀಪ ಮಿಣುಕಿತು, ನಾನು ಏನಾದರೂ ಮಾಡುವ ಮೊದಲೇ ಗಾಡಿ ನೆಟ್ಟಗಾಯಿತು.

ಎರಡನೆಯದು ಕಳೆದ ವಾರದ್ದು. ಸುಮಾರು 800 ಕಿಲೋ ಟೈಲ್ಸ್ ಪೆಟ್ಟಿಗೆಗಳನ್ನು ತಂದೆವು. ಇಳಿಸುವುದು ಸುಲಭವಾಗಲಿ ಎಂದು ಹಿಂಬಾಗಿಲಿನ ಕಡೆಗೇ ಜೋಡಿಸಿದ್ದೆವು. ಮೊಣಕಾಲೆತ್ತರವೂ ಇರಲಿಲ್ಲವಾದ್ದರಿಂದ ಹೆಚ್ಚು ಭಾರವೆನ್ನಿಸಲೇ ಇಲ್ಲ. ರಸ್ತೆಗಿಳಿದ ಮೇಲೆ ಸ್ಟೀರಿಂಗ್ ಎರಡು ಬೆರಳಲ್ಲಿ ತಿರುಗುವಷ್ಟು ಹಗುರವಾಗಿತ್ತು, ಮತ್ತು ಎದುರಿನಿಂದ ಬಂದವರೆಲ್ಲ ನನಗೆ ದೀಪ ಹೊಡೆದು ತೋರಿಸುತ್ತಿದ್ದರು, ನನ್ನದು ಡಿಮ್‌ನಲ್ಲೇ ಇದ್ದರೂ.

ಇದು ಗಾಡಿಯ ದೋಷವೇ, ನನ್ನ ದೋಷವೇ? ಮಳೆಯಲ್ಲಿ ಯಾವಾಗಲೂ ಫೋರ್ ವೀಲ್ (ನಾಲ್ಕೂ ಚಕ್ರಗಳಿಗೆ ಎಂಜಿನ್ ಶಕ್ತಿ ಕೊಡುವುದು) ಹಾಕಿಕೊಂಡೇ ಓಡಿಸಿದರೆ ಸುರಕ್ಷಿತವೇ? ಬಾಗಿಲ ಕಂಬದ ಮೇಲಿನ ಚೀಟಿಯಲ್ಲಿ ಹಿಂದಿನ ಟೈರಿಗೆ ಎರಡು ಬೇರೆ ಬೇರೆ ಗಾಳಿ ಒತ್ತಡಗಳಿವೆ, ಯಾವುದನ್ನು ಇಟ್ಟುಕೊಳ್ಳಬೇಕು? ಗಾಡಿಯ ಕಾಗದದಲ್ಲಿ ಒಟ್ಟು ತೂಕ 3000 ಕಿಲೋ, ಖಾಲಿ ತೂಕ 1950 ಕಿಲೋ ಎಂದಿದೆ.

ಕಮಾನ್‌ಪಟ್ಟಿ:

ಗಾಡಿಯಲ್ಲಿ ದೋಷವಿಲ್ಲ. ನೀವು ಕೊಂಡಿರುವುದು ಒಂದೇ ಗಾಡಿಯಾದರೂ ಓಡಿಸುತ್ತಿರುವುದು ಎರಡನ್ನು. ಖಾಲಿ ಇದ್ದಾಗ ಅದೊಂದು ನಡವಳಿಕೆ, ಲೋಡ್ ಇದ್ದಾಗ ಇನ್ನೊಂದು. ಕಾರಿನಲ್ಲಿ ಈ ವ್ಯತ್ಯಾಸ ಎದ್ದು ಕಾಣುವುದಿಲ್ಲವಾದ್ದರಿಂದ ಕಾರಿನಿಂದ ಬಂದವರಿಗೆ ಇದು ಹೊಳೆಯುವುದು ತಡ.

ಮೊದಲು ಜಾರಿದ ವಿಷಯ. ಎಂಜಿನ್, ಗೇರ್‌ಬಾಕ್ಸ್, ಕ್ಯಾಬಿನ್ ಎಲ್ಲವೂ ಮುಂದಿವೆ. ಹಿಂದೆ ಇರುವುದು ತಗಡಿನ ತೊಟ್ಟಿ, ಆಕ್ಸಲ್ (ಎರಡು ಚಕ್ರಗಳನ್ನು ಜೋಡಿಸುವ ಅಚ್ಚು) ಮತ್ತು ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್). ಆ ಪಟ್ಟಿಗಳನ್ನು ಒಂದು ಟನ್ ಹೊರುವುದಕ್ಕೆಂದು ಗಟ್ಟಿಯಾಗಿ ಮಾಡಿರುತ್ತಾರೆ, ಹಾಗಾಗಿ ಖಾಲಿ ಇದ್ದಾಗ ಅವು ಬಾಗುವುದೇ ಇಲ್ಲ, ಉಬ್ಬುತಗ್ಗಿನಲ್ಲಿ ಚಕ್ರ ಪುಟಿಯುತ್ತದೆ. ಎಂಜಿನ್ನಿನ ಶಕ್ತಿ ಹೋಗುವುದೂ ಇದೇ ಹಗುರವಾದ ಹಿಂದಿನ ಚಕ್ರಗಳಿಗೆ. ನಿಮ್ಮ ಕಾರು ಮುಂದಿನ ಚಕ್ರದಿಂದ ಓಡುವಂಥದ್ದಾಗಿದ್ದರೆ, ಅದು ತಿರುವಿನಲ್ಲಿ ಹಿಡಿತ ತಪ್ಪಿದಾಗ ಮೂತಿ ಹೊರಕ್ಕೆ ಹೋಗುತ್ತಿತ್ತು, ಕಾಲು ತೆಗೆದರೆ ಸರಿಯಾಗುತ್ತಿತ್ತು. ಪಿಕಪ್‌ನಲ್ಲಿ ಬಾಲವೇ ಹೊರಕ್ಕೆ ಹೋಗುತ್ತದೆ. ತಿರುವಿಗೆ ಮೊದಲೇ ವೇಗ ತಗ್ಗಿಸಿ, ತಿರುವಿನುದ್ದಕ್ಕೂ ಕಾಲನ್ನು ಅಲುಗಿಸದೆ ಹಿಡಿದು, ಸ್ಟೀರಿಂಗ್ ನೇರವಾದ ಮೇಲೆ ಮಾತ್ರ ಆಕ್ಸಿಲರೇಟರ್ ಒತ್ತಿ. ಅಂದು ನಿಮ್ಮನ್ನು ಕಾಪಾಡಿದ್ದು ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ವ್ಯವಸ್ಥೆ. ಅದು ಇರುವ ಹಿಡಿತವನ್ನು ಹಂಚುತ್ತದೆಯೇ ಹೊರತು ಇಲ್ಲದ ಹಿಡಿತವನ್ನು ಹುಟ್ಟಿಸುವುದಿಲ್ಲ.

ಎರಡು ಒತ್ತಡಗಳಲ್ಲಿ ಕಡಿಮೆಯದು ಖಾಲಿ ಗಾಡಿಗೆ, ಹೆಚ್ಚಿನದು ಪೂರ್ತಿ ಲೋಡಿಗೆ. ಲೋಡ್ ಒತ್ತಡದಲ್ಲೇ ಖಾಲಿ ಓಡಿಸಿದರೆ ಹಿಂದಿನ ಟೈರಿನ ನಡುಭಾಗ ಮಾತ್ರ ನೆಲಕ್ಕೆ ತಾಗುತ್ತದೆ. ನೀವು ಜಾರಿದ್ದರಲ್ಲಿ ಅದರ ಪಾಲೂ ಇದ್ದಿರಬಹುದು. ಖಾಲಿ ಒತ್ತಡದಲ್ಲಿ ಲೋಡ್ ಹೊತ್ತರೆ ಇನ್ನೂ ಕೆಟ್ಟದ್ದು, ಟೈರಿನ ಪಕ್ಕೆಗಳು ಬಾಗಿ ಬಾಗಿ ಕಾಯ್ದು ಒಡೆಯುತ್ತವೆ. ಟೈರ್ ತಣ್ಣಗಿರುವಾಗಲೇ ಅಳೆಯಿರಿ.

ಇನ್ನು ಟೈಲ್ಸ್. ನಿಮ್ಮದು ಡಬಲ್ ಕ್ಯಾಬ್. ಅದರ ತೊಟ್ಟಿಯ ಹೆಚ್ಚಿನ ಭಾಗ ಹಿಂದಿನ ಆಕ್ಸಲ್‌ಗಿಂತ ಹಿಂದೆ ಇರುತ್ತದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಪೆಟ್ಟಿಗೆಗಳ ಭಾರದ ನಡುಬಿಂದು ಆಕ್ಸಲ್‌ನಿಂದ 60 ಸೆಂಟಿಮೀಟರ್ ಹಿಂದಿತ್ತು, ಎರಡು ಆಕ್ಸಲ್‌ಗಳ ನಡುವಿನ ಅಂತರ 3 ಮೀಟರ್ ಎಂದಿಟ್ಟುಕೊಳ್ಳಿ. ಆಗ 800 ಕಿಲೋದ ಐದನೇ ಒಂದು ಭಾಗ, ಅಂದರೆ 160 ಕಿಲೋ, ಮುಂದಿನ ಚಕ್ರಗಳಿಂದ ಎತ್ತಿಹೋಗುತ್ತದೆ; ಹಿಂದಿನ ಆಕ್ಸಲ್ ಮೇಲೆ 800 ಅಲ್ಲ, 960 ಕಿಲೋ ಕೂರುತ್ತದೆ. ಏತದ ಲೆಕ್ಕವೇ ಇದು. ಸ್ಟೀರಿಂಗ್ ಹಗುರವಾದದ್ದಕ್ಕೂ, ದೀಪಗಳು ಮೇಲಕ್ಕೆ ನೋಡಿ ಎದುರಿನವರ ಕಣ್ಣು ಕುಕ್ಕಿದ್ದಕ್ಕೂ ಇದೊಂದೇ ಕಾರಣ. ಅದೇ ಪೆಟ್ಟಿಗೆಗಳನ್ನು ಕ್ಯಾಬಿನ್ ಗೋಡೆಗೆ ಒತ್ತಿ ಜೋಡಿಸಿ, ನಡುಬಿಂದು ಆಕ್ಸಲ್‌ಗಿಂತ 10 ಸೆಂಟಿಮೀಟರ್ ಮುಂದೆ ಬರುವಂತೆ ಮಾಡಿದ್ದರೆ ಮುಂದಿನ ಚಕ್ರಗಳ ಮೇಲೆ ಸುಮಾರು 27 ಕಿಲೋ ಹೆಚ್ಚುತ್ತಿತ್ತು.

ನಾನು ಮಾಡುವ ಒಂದು ಕೆಲಸವನ್ನು ನೀವೂ ಮಾಡಿ. ಸಮತಟ್ಟಾದ ಜಾಗದಲ್ಲಿ, ಒಳಗೆ ಯಾರೂ ಕೂರದೆ, ಮುಂದಿನ ಚಕ್ರದ ಮೇಲಿನ ಕಮಾನಿನಿಂದ ನೆಲಕ್ಕೆ ಎಷ್ಟಿದೆ ಎಂದು ಟೇಪಿನಲ್ಲಿ ಅಳೆದು ಬರೆದಿಡಿ. ಲೋಡ್ ಹಾಕಿದ ಮೇಲೆ ಮತ್ತೆ ಅಳೆಯಿರಿ. ಮುಂಭಾಗ ಎದ್ದಿದ್ದರೆ ಹೊರಡಬೇಡಿ.

ಭಾರದ ಲೆಕ್ಕವನ್ನೂ ಹೇಳಿಬಿಡುತ್ತೇನೆ. 3000ದಲ್ಲಿ 1950 ಕಳೆದರೆ 1050 ಕಿಲೋ. ಅದು ಸರಕಿಗಷ್ಟೇ ಅಲ್ಲ, ಜನರಿಗೂ ಸೇರಿದ್ದು. ನಿಮ್ಮನ್ನೂ ಸೇರಿಸಿ ಮೂವರು ಎಂದರೆ 210 ಕಿಲೋ ಹೋಯಿತು, ಉಳಿದದ್ದು 840. ತೊಟ್ಟಿಯ ಮೇಲೆ ಕಬ್ಬಿಣದ ಚೌಕಟ್ಟು, ಸಲಕರಣೆ ಪೆಟ್ಟಿಗೆ ಕೂಡಿಸಿಕೊಂಡಿದ್ದರೆ ಅದನ್ನೂ ಕಳೆಯಿರಿ. ಕಣ್ಣಳತೆಯನ್ನು ನಂಬಲೇಬೇಡಿ: ಒಂದೂವರೆ ಮೀಟರ್ ಉದ್ದಗಲದ, 45 ಸೆಂಟಿಮೀಟರ್ ಆಳದ ತೊಟ್ಟಿಯಲ್ಲಿ ಒಂದು ಘನ ಮೀಟರ್ ಮರಳು ಹಿಡಿಯುತ್ತದೆ, ಒಣ ಮರಳಾದರೂ ಅದು ಸುಮಾರು 1600 ಕಿಲೋ.

ಹೆಚ್ಚುವರಿ ಪಟ್ಟಿ ಹಾಕಿಸಿದರೆ ಹೆಚ್ಚು ಹೊರಬಹುದು ಎಂದು ಯಾರಾದರೂ ಹೇಳಿಯಾರು. ಪಟ್ಟಿ ಗಟ್ಟಿಯಾದ ಮಾತ್ರಕ್ಕೆ ಆಕ್ಸಲ್, ಬೇರಿಂಗ್, ಟೈರ್, ಬ್ರೇಕ್ ಗಟ್ಟಿಯಾಗುವುದಿಲ್ಲ. ಕೆಲವು ಗಾಡಿಗಳಲ್ಲಿ ಹಿಂಭಾಗ ಎಷ್ಟು ತಗ್ಗಿದೆ ಎಂಬುದನ್ನು ನೋಡಿ ಹಿಂದಿನ ಬ್ರೇಕಿಗೆ ಒತ್ತಡ ಕೊಡುವ ಕವಾಟವಿರುತ್ತದೆ. ಪಟ್ಟಿ ಸೇರಿಸಿ ಹಿಂಭಾಗ ಎತ್ತರಿಸಿದರೆ, ತುಂಬಿದ ಗಾಡಿಯನ್ನೂ ಅದು ಖಾಲಿ ಎಂದೇ ತಿಳಿದು ಹಿಂದಿನ ಬ್ರೇಕನ್ನು ಸಡಿಲವಾಗಿ ಹಿಡಿಯುತ್ತದೆ.

ಮುಂಗಾರುಮೋಡ:

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಇಷ್ಟು ಲೆಕ್ಕ ಹಾಕುವ ಬದಲು ತೊಟ್ಟಿಯಲ್ಲಿ ಮೂರು ನಾಲ್ಕು ಮರಳು ಚೀಲಗಳನ್ನು ಯಾವಾಗಲೂ ಇಟ್ಟುಕೊಂಡರೆ ಸಾಕು, ಮಳೆಯಲ್ಲಿ ಹಿಂಬದಿ ಜಾರುವುದಿಲ್ಲ. ಜೊತೆಗೆ ಫೋರ್ ವೀಲ್ ಹಾಕಿಕೊಳ್ಳಿ. ನಾನು ಹೀಗೆಯೇ ಓಡಿಸುತ್ತಿದ್ದೇನೆ.

ಕಮಾನ್‌ಪಟ್ಟಿ:

ಚೀಲದಿಂದ ಹಿಡಿತ ಹೆಚ್ಚುವುದು ನಿಜ, ಆದರೆ ಅವು ಆಕ್ಸಲ್‌ನ ಮೇಲೆ ಅಥವಾ ತುಸು ಮುಂದೆ ಇರಬೇಕು, ಬಿಗಿಯಾಗಿ ಕಟ್ಟಿರಬೇಕು, ಮತ್ತು ಸರಕು ಹೇರುವ ದಿನ ಕೆಳಗಿಳಿಯಬೇಕು. ಕಟ್ಟದ ಚೀಲ ಬ್ರೇಕ್ ಹಾಕಿದಾಗ ಕ್ಯಾಬಿನ್ ಗೋಡೆಗೆ ಬಂದು ಗುದ್ದುತ್ತದೆ.

ಫೋರ್ ವೀಲ್ ಬಗ್ಗೆ ಮಾತ್ರ ನನ್ನ ಒಪ್ಪಿಗೆಯಿಲ್ಲ. ಬಹುಪಾಲು ಪಿಕಪ್‌ಗಳಲ್ಲಿರುವುದು ಬೇಕೆಂದಾಗ ಹಾಕಿಕೊಳ್ಳುವ ಬಗೆಯದು. ಹಾಕಿದಾಗ ಮುಂದಿನ ಮತ್ತು ಹಿಂದಿನ ಶಾಫ್ಟ್‌ಗಳು ಒಂದಕ್ಕೊಂದು ಬಿಗಿಯಾಗಿ ಬೆಸೆದುಕೊಳ್ಳುತ್ತವೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. ಕೆಸರು, ಜಲ್ಲಿ, ಮರಳಿನಲ್ಲಿ ಟೈರು ಚೂರು ಜಾರಿ ಆ ವ್ಯತ್ಯಾಸವನ್ನು ಸರಿದೂಗಿಸುತ್ತದೆ. ಡಾಂಬರಿನ ಮೇಲೆ ಜಾರಲು ಎಡೆಯಿಲ್ಲ, ಆ ಸೆಳೆತವೆಲ್ಲ ಗೇರುಗಳ ಮೇಲೆ ಬೀಳುತ್ತದೆ, ಗಾಡಿ ತಿರುಗಲು ಮೊಂಡಾಟ ಮಾಡುತ್ತದೆ. ಮಳೆ ಬಂದ ರಸ್ತೆಯಲ್ಲೂ ನಡುನಡುವೆ ಒಣಗಿದ ತುಂಡುಗಳಿರುತ್ತವೆ. ಅದಕ್ಕಿಂತ ಮುಖ್ಯವಾಗಿ, ಫೋರ್ ವೀಲ್ ಗಾಡಿಯನ್ನು ಮುಂದೆ ನೂಕಲು ನೆರವಾಗುತ್ತದೆ, ನಿಲ್ಲಿಸಲು ನೆರವಾಗುವುದಿಲ್ಲ.

ದೂರದಾರಿ:

ನಾನು ದಿನವೂ ಸರಕು ಸಾಗಿಸುವವನು, ಕಟ್ಟುವುದರ ಬಗ್ಗೆ ಮಾತ್ರ ಹೇಳುತ್ತೇನೆ. ಭಾರವಿದ್ದರೆ ಅದು ಅಲುಗುವುದಿಲ್ಲ ಎಂಬ ನಂಬಿಕೆಯನ್ನು ಮೊದಲು ಬಿಟ್ಟುಬಿಡಿ. ಜೋರಾಗಿ ಬ್ರೇಕ್ ಹಾಕಿದಾಗ ಸರಕು ತನ್ನ ತೂಕದ ಹತ್ತರಲ್ಲಿ ಎಂಟು ಪಾಲಿನಷ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ ಎಂದೂ, ಪಕ್ಕಕ್ಕೆ ಮತ್ತು ಹಿಂದಕ್ಕೆ ಅರ್ಧ ತೂಕದಷ್ಟು ಎಂದೂ ಲೆಕ್ಕ ಇಟ್ಟುಕೊಂಡು ಕಟ್ಟುವುದು ಕ್ರಮ. ನಿಮ್ಮ 800 ಕಿಲೋ ಟೈಲ್ಸ್‌ಗೆ ಮುಂದಕ್ಕೆ 640 ಕಿಲೋ ಬಲವಾಯಿತು. ಇದನ್ನು ಬರಿ ಹಗ್ಗ ತಡೆಯಲಾರದು. ಸರಕು ಮುಂದಿನ ಗೋಡೆಗೆ ಆತುಕೊಂಡಿರಬೇಕು, ಪಕ್ಕದ ಸಂದುಗಳನ್ನು ಮರದ ತುಂಡಿನಿಂದ ಬಿಗಿಮಾಡಬೇಕು, ಅಡಿಗೆ ರಬ್ಬರ್ ಹಾಸು ಇರಬೇಕು, ಆಮೇಲೆ ರಾಟ್ಚೆಟ್ ಬೆಲ್ಟ್, ಅಂದರೆ ಹಲ್ಲುಚಕ್ರದ ಹಿಡಿಯಿಂದ ಬಿಗಿಯುವ ಪಟ್ಟಿ.

ಬೆಲ್ಟ್ ಹಾಯುವ ಓರೆಯನ್ನೂ ನೋಡಿ. ಬೆಲ್ಟ್ ನೇರವಾಗಿ ಕೆಳಗಿಳಿದರೆ ಅದರ ಎಳೆತವೆಲ್ಲ ಸರಕನ್ನು ಅದುಮುತ್ತದೆ. ನೆಲದಿಂದ 30 ಡಿಗ್ರಿಯಷ್ಟೇ ಓರೆಯಲ್ಲಿ ಹಾದರೆ ಅದುಮುವ ಬಲ ಅರ್ಧಕ್ಕಿಳಿಯುತ್ತದೆ. ನಿಮ್ಮ ಪೆಟ್ಟಿಗೆಗಳು ಮೊಣಕಾಲಿಗಿಂತ ತಗ್ಗಾಗಿದ್ದವು ಎಂದಿರಿ, ಅಂಥಲ್ಲಿ ಬೆಲ್ಟ್ ಹೆಚ್ಚು ಓರೆಯಾಗಿಯೇ ಹಾಯುತ್ತದೆ. ಟೈಲ್ಸ್‌ನ ಚೂಪಾದ ಅಂಚಿಗೆ ರಟ್ಟು ಮಡಚಿ ಇಡದಿದ್ದರೆ ಅದು ಬೆಲ್ಟನ್ನು ಎಳೆ ಎಳೆಯಾಗಿ ಕತ್ತರಿಸುತ್ತದೆ.

ಹೊರಟ ಹತ್ತು ಹದಿನೈದು ನಿಮಿಷಕ್ಕೆ ಒಮ್ಮೆ ನಿಲ್ಲಿಸಿ ಬೆಲ್ಟ್ ಮುಟ್ಟಿ ನೋಡಿ. ಶುರುವಿನ ದಿನಗಳಲ್ಲಿ ಚೀಲಗಳನ್ನು ಹಗ್ಗದಿಂದ ಬಿಗಿದು, ತಂತಿಯಂತೆ ಟಂಗೆನ್ನುತ್ತಿದೆ ಎಂದು ಸಮಾಧಾನಪಟ್ಟು ಹೊರಟಿದ್ದೆ. ಅರ್ಧ ಗಂಟೆಯ ನಂತರ ಇಳಿದು ನೋಡಿದರೆ ಚೀಲಗಳು ಕುಲುಕಿ ಕುಲುಕಿ ನಾಲ್ಕು ಬೆರಳು ತಗ್ಗಿದ್ದವು, ಹಗ್ಗ ಉಯ್ಯಾಲೆಯಂತೆ ಜೋತಾಡುತ್ತಿತ್ತು, ಮೇಲಿನ ಸಾಲಿನ ಒಂದು ಚೀಲ ಅಂಚಿನ ಮೇಲೆ ಅರ್ಧ ಹೊರಗಿತ್ತು. ಹಿಂದೆ ಸ್ಕೂಟರಿನಲ್ಲಿ ಬರುತ್ತಿದ್ದವರೊಬ್ಬರು ನಿಧಾನಿಸಿ, ಕೈಸನ್ನೆ ಮಾಡಿ, ಮುಂದೆ ಹೋದರು. ಆ ಚೀಲ ಅವರ ಮೇಲೆ ಬೀಳಬಹುದಿತ್ತು.

ಹಗುರವಾದದ್ದನ್ನೂ ಕಟ್ಟಿ. ಖಾಲಿ ಕ್ರೇಟು, ಪ್ಲೈವುಡ್ ಹಾಳೆಗಳು ಗಾಳಿಗೆ ಏಳುವಷ್ಟು ಸುಲಭವಾಗಿ ಭಾರದ ಸಾಮಾನು ಏಳುವುದಿಲ್ಲ. ನೀರಿನ ಟ್ಯಾಂಕನ್ನು ಪೂರ್ತಿ ತುಂಬಿ, ಇಲ್ಲವೇ ಖಾಲಿ ಒಯ್ಯಿರಿ. ಅರ್ಧ ತುಂಬಿದ ನೀರು ತಿರುವಿನಲ್ಲಿ ಒಂದೇ ಕಡೆಗೆ ವಾಲಿ ಗಾಡಿಯನ್ನೂ ಎಳೆಯುತ್ತದೆ. 1000 ಲೀಟರಿನದಾದರೆ ನೀರೇ 1000 ಕಿಲೋ, ಹಾಗಾಗಿ ನಿಮ್ಮ ಗಾಡಿಗೆ ಅದು ಬೇಡ.

ಹಿಂಗನ್ನಡಿ:

ಮೂರು ಮಾತು ಸೇರಿಸುತ್ತೇನೆ. ರಿವರ್ಸ್ ತೆಗೆಯುವ ಮೊದಲು ಪ್ರತಿ ಸಲವೂ ಇಳಿದು ಗಾಡಿಯ ಸುತ್ತ ಒಂದು ಸುತ್ತು ಬನ್ನಿ. ಹಿಂಬಾಗಿಲ ಹಿಂದೆ ಕುಳಿತು ಆಡುವ ಮಗು ಯಾವ ಕನ್ನಡಿಯಲ್ಲೂ ಕಾಣುವುದಿಲ್ಲ. ಎತ್ತರದ ಬಾನೆಟ್‌ನ ಮುಂದೆಯೂ ಅಷ್ಟೇ. ಕ್ಯಾಮೆರಾ ಇದ್ದರೆ ಒಳ್ಳೆಯದು, ಆದರೆ ಅದರ ಗಾಜಿಗೆ ಕೆಸರು ಮೆತ್ತಿಕೊಳ್ಳುವುದೇ ಹೆಚ್ಚು. ತೊಟ್ಟಿಯಲ್ಲಿ ಜನರನ್ನು, ಅದರಲ್ಲೂ ಮಕ್ಕಳನ್ನು, ಹತ್ತು ಹೆಜ್ಜೆಯ ದೂರಕ್ಕೂ ಕೂರಿಸಬೇಡಿ, ಅಲ್ಲಿ ಸೀಟೂ ಇಲ್ಲ, ಬೆಲ್ಟೂ ಇಲ್ಲ. ಪೆಟ್ರೋಲ್ ಡಬ್ಬಿ ತುಂಬಿಸುವಾಗ ತೊಟ್ಟಿಯಿಂದ ಕೆಳಗಿಳಿಸಿ ನೆಲದ ಮೇಲಿಟ್ಟೇ ತುಂಬಿಸಿ, ಏಕೆಂದರೆ ಪ್ಲಾಸ್ಟಿಕ್ ಹಾಸಿನ ಮೇಲೆ ಸ್ಥಿರ ವಿದ್ಯುತ್ ಸೇರಿ ಕಿಡಿ ಹಾರುವ ಅಪಾಯವಿದೆ.

ಹೊಸಗಾಲಿ:

ಎಲ್ಲರಿಗೂ ಕೃತಜ್ಞತೆಗಳು. ಚೀಟಿ ನೋಡಿ ಅಳೆದೆ: ಗಾಡಿ ಕೈಗೆ ಬಂದಾಗಿನಿಂದ ಹಿಂದಿನ ಟೈರುಗಳಲ್ಲಿ ಪೂರ್ತಿ ಲೋಡಿನ ಒತ್ತಡವೇ ಇತ್ತು, ಮಳೆಯ ದಿನವೂ ಅದೇ. ಲೆಕ್ಕ ಹಾಕಿದರೆ ಟೈಲ್ಸ್ ತಂದ ದಿನ ನಾವು ಮೂವರಿದ್ದೆವು, ಮೇಲೆ 70 ಕಿಲೋದ ಚೌಕಟ್ಟು. ಉಳಿದದ್ದು 770 ಕಿಲೋ ಮಾತ್ರ, ನಾನು ಹೇರಿದ್ದು 800. ಇನ್ನೊಂದು ಪ್ರಶ್ನೆ: ನಾಳೆ ಉಳಿದ ಪೆಟ್ಟಿಗೆಗಳನ್ನು ತರಬೇಕು, ದಾರಿಯಲ್ಲಿ ಉದ್ದದ ಇಳಿಜಾರಿದೆ. ಬ್ರೇಕ್ ತಡೆಯುತ್ತದೆಯೇ?

ದೂರದಾರಿ:

ಬ್ರೇಕ್ ಮೇಲೆಯೇ ಇಳಿದರೆ ತಡೆಯುವುದಿಲ್ಲ. ಕಾಲಿಟ್ಟುಕೊಂಡೇ ಇಳಿದಾಗ ಲೈನಿಂಗ್ ಕಾಯ್ದು ಹಿಡಿತ ಕಳೆದುಕೊಳ್ಳುತ್ತದೆ, ಸುಟ್ಟ ವಾಸನೆ ಬರುವ ಹೊತ್ತಿಗೆ ತಡವಾಗಿರುತ್ತದೆ. ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿ, ಎಂಜಿನ್ನೇ ಗಾಡಿಯನ್ನು ತಡೆಹಿಡಿಯಲಿ. ಆಮೇಲೂ ವೇಗ ಏರುತ್ತಿದ್ದರೆ ಒಮ್ಮೆ ಗಟ್ಟಿಯಾಗಿ ಬ್ರೇಕ್ ಹಾಕಿ, ವೇಗ ಇಳಿಸಿ, ಬಿಟ್ಟು, ಇನ್ನೊಂದು ಗೇರ್ ಕೆಳಗೆ ಬನ್ನಿ. ನ್ಯೂಟ್ರಲ್ ಮಾಡಲೇಬೇಡಿ. ಮುಂದಿನ ಗಾಡಿಯಿಂದ ಖಾಲಿ ಇದ್ದಾಗ ಬಿಡುವುದಕ್ಕಿಂತ ಹೆಚ್ಚು ಅಂತರ ಬಿಡಿ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ, ನೀವು ಬ್ರೇಕ್ ಹಾಕಬೇಕೆಂದು ಯೋಚಿಸುವ ಒಂದು ಸೆಕೆಂಡಿನಲ್ಲೇ ಗಾಡಿ 22 ಮೀಟರ್ ಮುಂದೆ ಹೋಗಿರುತ್ತದೆ. ವೇಗ 40ರಿಂದ 80ಕ್ಕೆ ಏರಿದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ.

ಹೊಸಗಾಲಿ:

ಇಂದು ಹೋಗಿ ಬಂದೆವು. 650 ಕಿಲೋ ಮಾತ್ರ ಹೇರಿದೆ, ಉಳಿದದ್ದಕ್ಕೆ ಎರಡನೇ ಸುತ್ತು ಹಾಕಿದೆ. ಪೆಟ್ಟಿಗೆಗಳನ್ನು ಕ್ಯಾಬಿನ್ ಗೋಡೆಗೆ ಒತ್ತಿ ಎರಡು ಸಾಲು ಮಾಡಿ, ಅಡಿಗೆ ರಬ್ಬರ್ ಹಾಸಿ, ಅಂಚಿಗೆ ರಟ್ಟಿಟ್ಟು, ಬೆಲ್ಟ್ ಬಿಗಿದೆ. ಹದಿನೈದು ನಿಮಿಷಕ್ಕೆ ನಿಲ್ಲಿಸಿದಾಗ ಒಂದು ಬೆಲ್ಟ್‌ನ ರಾಟ್ಚೆಟ್ ಇನ್ನೂ ಎರಡು ಹಲ್ಲು ಹಿಡಿಯಿತು. ಹೊರಡುವ ಮೊದಲು ಟೇಪಿನಲ್ಲಿ ಅಳೆದಾಗ ಹಿಂಭಾಗ ಸುಮಾರು 6 ಸೆಂಟಿಮೀಟರ್ ತಗ್ಗಿತ್ತು, ಮುಂಭಾಗ ಖಾಲಿ ಇದ್ದಾಗಿನದಕ್ಕಿಂತ ಎರಡೋ ಮೂರೋ ಮಿಲಿಮೀಟರ್ ಕೆಳಗಿತ್ತು. ಕತ್ತಲಾದ ಮೇಲೆ ಎರಡನೇ ಸುತ್ತಿನಲ್ಲಿ ಬರುವಾಗ ಎದುರಿನವರು ಯಾರೂ ದೀಪ ಹೊಡೆಯಲಿಲ್ಲ.