ಹಿಡಿತಾನೂ ಬೇಕು, ಬಾಳಿಕೀನೂ ಬೇಕು: ನಮ್ಮ ಕಡೆ ರಸ್ತೆಗೆ ಎಂಥಾ ಟಯರ್ ಹಾಕ್ಸಬೇಕ್ರಿ?

ವಿದ್ಯಾನಗರ, ಹುಬ್ಬಳ್ಳಿ (ಕೇಳಿದವರು):
ಎಲ್ಲಾರಿಗೂ ನಮಸ್ಕಾರ್ರಿ. ನಂದು ಐ20 ಎನ್ ಲೈನ್, ಟರ್ಬೊ ಗಾಡಿ. ಕಂಪನಿಯಿಂದ ಬಂದಿದ್ದ ಟಯರ್ ಸವದು ಮುಗಿಯಾಕ ಬಂದಾವ. ಸೈಜ್ 195/55 ಆರ್16 (195 ಅಂದ್ರ ಟಯರಿನ ಅಗಲ, ಮಿ.ಮೀ. ಲೆಕ್ಕದಾಗ). ದಿನಾ ಹುಬ್ಬಳ್ಳಿ-ಧಾರವಾಡ ಓಡಾಟ, ಆಗಾಗ ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳದು ಅಂಕೋಲಾ ಕಡೆ ಹೋಗೂದಿರ್ತೈತಿ. ತಿರುವಿನ್ಯಾಗ ಗಾಡಿ ಗಟ್ಟಿ ನಿಲ್ಲಬೇಕು, ಮಳ್ಯಾಗ ಬ್ರೇಕ್ ಒತ್ತಿದ್ರ ಜಾರಬಾರದು. ಹಂಗಂತ ಎರಡು ವರ್ಷಕ್ಕೊಮ್ಮೆ ನಾಲ್ಕೂ ಟಯರ್ ಬದಲಿ ಮಾಡೂವಷ್ಟು ರೊಕ್ಕ ನನ್ನ ಹತ್ರ ಇಲ್ಲ. ಅಂಗಡಿಯವ್ರೊಬ್ಬರು 205 ಹಾಕ್ಸ್ರಿ, ಗಾಡಿ ಅಂಟಿಕೊಂಡು ಹೊಕ್ಕೈತಿ ಅಂದ್ರು. ಹಾಕ್ಸಿದವ್ರು ಇದ್ರ ಹೇಳ್ರಿ.

ಸಪ್ತಾಪುರ, ಧಾರವಾಡ:
ಅಂಗಡಿಗೆ ಹೋಗೋಕಿಂತ ಮೊದಲ ಟಯರಿನ ಬಗಲಿಗೆ ಬರದಿದ್ದು ಓದ್ರಿ. ಭಾಳಷ್ಟು ಟಯರಿನ ಮ್ಯಾಲೆ ಟ್ರೆಡ್‌ವೇರ್ ಅಂತ ಒಂದು ಅಂಕಿ ಇರ್ತದ. ಅದು ಅಮೆರಿಕಾದ ಪದ್ಧತಿ. ಟೆಕ್ಸಸ್ ಸೀಮೆಯ ಗೊತ್ತುಪಡಿಸಿದ ರಸ್ತೆ ಮ್ಯಾಲೆ ಟಯರ್ ಓಡಿಸಿ, ಒಂದು ಅಳತಿ ಟಯರಿನ ಜೋಡಿ ಸವತ ಹೋಲಸ್ತಾರ. ಅಳತಿ ಟಯರಿಗೆ 100. ಹಂಗಾಗಿ 300 ಅಂದ್ರ ಲೆಕ್ಕದಾಗ ಅದರ ಮೂರು ಪಟ್ಟು ಬಾಳಬೇಕು. ಲೆಕ್ಕದಾಗ ಅಂದೆ, ನೆನಪಿರ್ಲಿ. ಅಂಕಿ ಹಾಕೋದು ಟಯರ್ ಕಂಪನಿಯವರ, ಸರ್ಕಾರ ಅಲ್ಲ. ಒಬ್ಬರು ಕೈ ಬಿಗಿ ಹಿಡದು ಹಾಕ್ತಾರ, ಇನ್ನೊಬ್ಬರು ಧಾರಾಳ. ಅದಕ್ಕ ಒಂದ ಕಂಪನಿಯ ಎರಡು ಮಾಡೆಲ್ ತೂಗಿ ನೋಡಾಕ ಈ ಅಂಕಿ ಛಲೋ. ಬ್ಯಾರೆ ಬ್ಯಾರೆ ಕಂಪನಿ ನಡುವ ಹಚ್ಚಬ್ಯಾಡ್ರಿ.

ಸುಮಾರಾಗಿ ಹೇಳಬೇಕಂದ್ರ 200ರ ಆಸುಪಾಸಿನವು ಟ್ರ್ಯಾಕಿಗೆ ಹೋಗೋ ಮಂದಿಯವು. 300ರ ಅಕ್ಕಪಕ್ಕದವು ಕಟ್ಟಾ ಸ್ಪೋರ್ಟ್. 400 ದಾಟಿದವು ಟೂರಿಂಗ್ ಜಾತಿ, ಅಂದ್ರ ದೂರದ ಓಡಾಟಕ್ಕ, ಬಾಳಿಕೆಗೆ ಮಾಡಿದವು. ಮೆತ್ತನ್ನ ರಬ್ಬರ್ ರಸ್ತೆಯ ಸಣ್ಣ ಸಣ್ಣ ತಗ್ಗು-ಉಬ್ಬಿನೊಳಗ ಇಳದು ಹಿಡೀತದ, ಹಂಗ ಹಿಡಿಯೋವಾಗನ ಸವೀತದ. ಎರಡೂ ಪೂರ್ತಿ ಬೇಕಂದ್ರ ಯಾವ ಕಂಪನಿನೂ ಕೊಡೋದಿಲ್ಲ.

ಟ್ರೆಡ್‌ವೇರ್ ಬಾಜೂಕ ಟ್ರ್ಯಾಕ್ಷನ್ ಅಂತ ಎಎ, ಎ, ಬಿ, ಸಿ ಅಕ್ಷರ ಇರ್ತಾವ. ಎಎ ನೋಡಿ ಹಿಗ್ಗಬ್ಯಾಡ್ರಿ. ಅದು ನೀರು ಬಿಟ್ಟ ರಸ್ತೆ ಮ್ಯಾಲೆ ನೆಟ್ಟಗ ಹೋಗುವಾಗ ಬ್ರೇಕ್ ಹಿಡದು ಅಳದಿದ್ದು. ಅರಬೈಲ್ ತಿರುವಿಗೂ ಅದಕ್ಕೂ ಸಂಬಂಧ ಇಲ್ಲ.

ಕಲಘಟಗಿ:
ನೀವು ನಮ್ಮೂರ ಮ್ಯಾಲೆ ಹಾದು ಹೋಗಾವ್ರು, ಅದಕ್ಕ ಬರೀಲಿಕತ್ತೇನಿ. ಈ ರಸ್ತೆಗೆ ಒಣ ಹಿಡಿತದ ಮಾತ ಬ್ಯಾಡ್ರಿ. ಒಣಗಿದ ಡಾಂಬರಿನ ಮ್ಯಾಲೆ ನಡುತರದ ಟಯರೂ ಸಾಕಷ್ಟು ಹಿಡೀತೈತಿ. ಫರಕ್ ಗೊತ್ತಾಗೂದು ಮಳ್ಯಾಗ. ಅದರಾಗೂ ಮೊದಲ ಮಳಿ: ಬ್ಯಾಸಿಗಿ ತುಂಬಾ ಲಾರಿ ಸುರಿಸಿದ ಎಣ್ಣಿ, ಧೂಳು, ಸವದ ರಬ್ಬರ್ ಎಲ್ಲಾ ನೀರಿನ ಜೋಡಿ ಮ್ಯಾಲೆ ಏಳ್ತೈತಿ. ಆವತ್ತು ಎಂಥಾ ಟಯರ್ ಇದ್ರೂ ಸಾವಕಾಶ ಹೋಗ್ರಿ.

ಸಿಲಿಕಾ ಹೆಚ್ಚಿರೂ ರಬ್ಬರ್ ತೊಯ್ದ ರಸ್ತ್ಯಾಗ ಛಲೋ ಹಿಡೀತೈತಿ, ಉರುಳಾಕೂ ಹಗುರ. ಅಂಗಡ್ಯಾಗ ಅದನ್ನ ಕೇಳ್ರಿ. ಇನ್ನೊಂದು, ನಮ್ಮ ದೇಶದಾಗ ಕಾಯ್ದೆ ಪ್ರಕಾರ ಕಾರಿನ ಟಯರಿನ ಗೆರಿ ಆಳ 1.6 ಮಿ.ಮೀ.ಗಿಂತ ಕಡಿಮಿ ಆಗಬಾರದು. ಗೆರಿಯೊಳಗ ಅಡ್ಡ ಸಣ್ಣ ದಿಬ್ಬ ಇರ್ತಾವಲ್ರಿ, ಅವು ತೋರ್ಸೂದು ಅದನ್ನ. ಆದ್ರ ಮಳಿಗಾಲಕ್ಕ ಅದು ಸಾಲಂಗಿಲ್ಲ. ಗೆರಿ 3 ಮಿ.ಮೀ.ಗೆ ಬಂತಂದ್ರ ನೀರು ಹೊರಗ ಹಾಕೂ ತಾಕತ್ತು ಆಗ್ಲೇ ಇಳದಿರ್ತೈತಿ, ನಿಂತ ನೀರ ಮ್ಯಾಲೆ ಗಾಡಿ ತೇಲ್ತೈತಿ. ಜೂನ್ ಬರೂದ್ರಾಗ ಹಾಕ್ಸಿಬಿಡ್ರಿ.

ಉಣಕಲ್:
205 ಬ್ಯಾಡ. 205/55 ಹಾಕಿದ್ರ ಗಾಲಿ ಅಡ್ಡಳತಿ ಸುಮಾರು 621ರಿಂದ 632 ಮಿ.ಮೀ.ಗೆ ಹೋಗ್ತೈತಿ, ಮೀಟರ್ ತೋರ್ಸೂದಕ್ಕಿಂತ ನೀವು ಸ್ವಲ್ಪ ಜೋರ ಇರ್ತೀರಿ. ಅದು ಸಣ್ಣ ಮಾತು ಅನ್ರಿ. ಅಗಲ ಟಯರ್ ನೀರಿನ ಮ್ಯಾಲೆ ಲಗೂನ ತೇಲ್ತೈತಿ, ಇದು ಸಣ್ಣದಲ್ಲ. ಇದ್ದ ಸೈಜಿನ್ಯಾಗ ಛಲೋ ರಬ್ಬರ್ ತಗೋರಿ. ಹಳೆ ಟಯರ್ ಮ್ಯಾಲೆ ಸೈಜಿನ ಮುಂದ ಬರದಿರೂ ಲೋಡ್ ಅಂಕಿ, ಸ್ಪೀಡ್ ಅಕ್ಷರ ನೋಡ್ಕೊಳ್ರಿ, ಅದಕ್ಕಿಂತ ಕೆಳಗ ಇಳೀಬ್ಯಾಡ್ರಿ. 87 ಅಂದ್ರ ಒಂದು ಟಯರಿಗೆ 545 ಕೆ.ಜಿ.; ಎಚ್ ಅಂದ್ರ 210 ಕಿ.ಮೀ. ವೇಗದ ತನಕ, ವಿ ಅಂದ್ರ 240.

ಗದಗ:
ಅಣ್ಣಾರ, ನಮ್ಮ ಕಡೆ ಬಿಸಿಲಿನ ಕತಿ ಯಾರೂ ಹೇಳಲಿಲ್ಲ ನೋಡ್ರಿ. ಏಪ್ರಿಲ್-ಮೇದಾಗ ಹುಬ್ಬಳ್ಳಿ-ಗದಗ ರಸ್ತಿ ಕಾದು ಹಂಚಾಗಿರ್ತೈತಿ. ಆ ಕಾವಿನ್ಯಾಗ ಮೆತ್ತನ್ನ ಸ್ಪೋರ್ಟ್ ಟಯರ್ ಜೋರ ಓಡಿಸಿದ್ರಿ ಅಂದ್ರ ಸವತ ಕಣ್ಣಿಗೆ ಕಾಣ್ತೈತಿ. ನಂದು ಹಳೇ ಪೋಲೊ, ಒಮ್ಮೆ ಕಟ್ಟಾ ಸ್ಪೋರ್ಟ್ ಹಾಕ್ಸಿ ಓಡಿಸೇನಿ. ತಿರುವಿನ್ಯಾಗ ಅದರ ಮಜಾನ ಬ್ಯಾರೆ, ಸುಳ್ಳ ಹೇಳಂಗಿಲ್ಲ. 30 ಸಾವಿರ ಕಿ.ಮೀ. ಮುಟ್ಟೂದ್ರಾಗ ಮುಂದಿನ ಎರಡೂ ಮುಗದಿದ್ವು. ಈಗ ಟೂರಿಂಗ್ ಅದಾವ, ಸಪ್ಪಳ ಕಡಿಮಿ, ಬಾಳಿಕಿ ಭಾಳ.

ಮತ್ತ ಎರಿ ಮಣ್ಣು. ಮಳಿಯಾದ ಮ್ಯಾಲೆ ಹೊಲದಾಗಿಂದ ಟ್ರ್ಯಾಕ್ಟರ್ ಡಾಂಬರ್ ಮ್ಯಾಲೆ ತಂದು ಚೆಲ್ಲಿದ ಎರಿ ಕೆಸರು ಇರ್ತೈತಲ್ಲ, ಅದಕ್ಕ ರಸ್ತಿ ಟಯರಿನ್ಯಾಗ ಔಷಧ ಇಲ್ಲ. ಗೆರಿ ತುಂಬಿ ಟಯರ್ ನುಣ್ಣಗ ಆಗಿಬಿಡ್ತೈತಿ. ಟಯರ್ ಆರಿಸೂವಾಗ ಇದನ್ನ ಲೆಕ್ಕಕ್ಕ ತಗೋಬ್ಯಾಡ್ರಿ, ಓಡಿಸೂವಾಗ ತಗೋರಿ.

ಕೇಶ್ವಾಪುರ, ಹುಬ್ಬಳ್ಳಿ:
ಹೆಸರು ಹಿಡದು ಕೇಳಾಕ ಹೋಗ್ರಿ, ಇಲ್ಲಂದ್ರ ಅಂಗಡ್ಯಾಗ ಇದ್ದದ್ದನ್ನ ಹಾಕಿ ಕಳಸ್ತಾರ. ಮಿಶೆಲಿನ್‌ದಾಗ ಪೈಲಟ್ ಸ್ಪೋರ್ಟ್, ಬ್ರಿಡ್ಜ್‌ಸ್ಟೋನ್‌ದಾಗ ಪೊಟೆಂಜಾ ಇವು ಸ್ಪೋರ್ಟ್ ಸಾಲಿನವು. ಪ್ರೈಮಸಿ, ಟುರಾಂಜಾ ಟೂರಿಂಗ್ ಸಾಲಿನವು. ನಿಮ್ಮ ಸೈಜಿಗೆ ಎಲ್ಲಾ ಮಾಡೆಲ್ ಸಿಗಂಗಿಲ್ಲ, ಫೋನ್ ಮಾಡಿ ಕೇಳಿ ಹೋಗ್ರಿ. ನಿಮ್ಮ ಓಡಾಟಕ್ಕ ಟೂರಿಂಗ್ ಸಾಲಿನ ಮ್ಯಾಲಿನ ದರ್ಜೆದು ಸಾಕು ಅಂತ ನನ್ನ ಮಾತು. ಧಾರವಾಡಕ್ಕ ಹೋಗಿ ಬರೂ ದಾರ್ಯಾಗ ಸಿಗ್ನಲ್ ಹಿಡಿಯೂದ ಹೆಚ್ಚು, ತಿರುವು ಎಲ್ಲದಾವ್ರಿ?

ಹಾವೇರಿ:
ಅಲೈನ್‌ಮೆಂಟ್ ಕೆಲಸ ಮಾಡುವವನು ನಾನು, ಹೆದ್ದಾರಿ ಬದಿಯಲ್ಲೇ ಅಂಗಡಿ. ಟಯರಿಗೆ ಆಯಸ್ಸಿಲ್ಲ ಎಂದು ಬರುವ ಗಾಡಿಗಳಲ್ಲಿ ಹೆಚ್ಚಿನವುಗಳ ರಬ್ಬರ್ ಚೆನ್ನಾಗಿಯೇ ಇರುತ್ತದೆ, ಗಾಲಿ ನಿಂತ ಕೋನ ಸರಿ ಇರುವುದಿಲ್ಲ. ಅಂಗೈಯನ್ನು ಟಯರಿನ ಮೇಲೆ ಅಡ್ಡಡ್ಡ ಆಡಿಸಿ ನೋಡಿ. ಒಂದು ದಿಕ್ಕಿಗೆ ನುಣುಪು, ವಾಪಸ್ ಬರುವಾಗ ಗರಗಸದಂತೆ ಚುಚ್ಚಿದರೆ ಟೋ (ಮೇಲಿನಿಂದ ನೋಡಿದಾಗ ಗಾಲಿ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ತಪ್ಪಿದೆ. ಒಳ ಅಂಚು ಮಾತ್ರ ಸವೆದಿದ್ದರೆ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಗಾಲಿ ವಾಲಿರುವ ಕೋನ) ಅಥವಾ ಟೋ ನೋಡಿಸಬೇಕು. ಎರಡೂ ಅಂಚು ಸವೆದು ನಡುವೆ ಉಳಿದಿದ್ದರೆ ಹವಾ ಕಡಿಮೆ ಇಟ್ಟು ಓಡಿಸಿದ್ದೀರಿ. ನಡುವೆ ಮಾತ್ರ ಸವೆದಿದ್ದರೆ ಹವಾ ಜಾಸ್ತಿ. ಹೊಸ ಟಯರ್ ಹಾಕಿಸುವ ಮೊದಲು ಹಳೆಯದನ್ನು ಹೀಗೆ ಓದಿ. ಇಲ್ಲದಿದ್ದರೆ ಅದೇ ರೋಗ ಹೊಸದಕ್ಕೂ ಹತ್ತುತ್ತದೆ.

ಹವಾ ಮುಂಜಾನೆ ತಣ್ಣಗಿದ್ದಾಗ ನೋಡಿಸಿ. ಎಷ್ಟು ಬೇಕೆಂಬುದು ಡ್ರೈವರ್ ಬಾಗಿಲ ಕಂಬದ ಚೀಟಿಯಲ್ಲಿದೆ. ಘಟ್ಟ ಇಳಿದ ಮೇಲೆ ಒತ್ತಡ ಏರಿರುತ್ತದೆ, ಬಿಸಿ ಇದ್ದಾಗ ಹವಾ ಬಿಡಬೇಡಿ. ನೈಟ್ರೋಜನ್‌ಗೆ ದುಡ್ಡು ಕೊಡುವುದು ನಿಮ್ಮಿಷ್ಟ. ಸಾದಾ ಗಾಳಿಯಲ್ಲೇ ಶೇ. 78 ನೈಟ್ರೋಜನ್ ಇದೆ. 8ರಿಂದ 10 ಸಾವಿರ ಕಿ.ಮೀ.ಗೊಮ್ಮೆ ಗಾಲಿ ಅದಲು ಬದಲು ಮಾಡಿಸಿ. ಮುಂದಿನ ಗಾಲಿಯೇ ಎಳೆಯುವ, ತಿರುಗುವ, ಹೆಚ್ಚು ಬ್ರೇಕ್ ಹಿಡಿಯುವ ಗಾಡಿ ನಿಮ್ಮದು, ಮುಂದಿನವು ಮೊದಲು ಸವೆಯುತ್ತವೆ. ಬಗಲಿಗೆ ಬಾಣದ ಗುರುತಿರುವ ಟಯರ್ ಆದರೆ ಅದೇ ಬದಿಯಲ್ಲಿ ಹಿಂದೆ ಮುಂದೆ ಮಾತ್ರ.

ಹಾಕಿಸುವ ಮುಂಚೆ ತಯಾರಾದ ವಾರ ನೋಡಿ. ಟಯರಿನ ಬಗಲಿಗೆ ಡಾಟ್ (DOT) ಎಂದು ಶುರುವಾಗುವ ಗುರುತಿನ ಕೊನೆಯ ನಾಲ್ಕು ಅಂಕಿ: 2325 ಎಂದರೆ 2025ರ 23ನೇ ವಾರ. ರಿಯಾಯಿತಿ ದೊಡ್ಡದಿದ್ದಷ್ಟೂ ಈ ಅಂಕಿಯನ್ನು ಹತ್ತಿರದಿಂದ ನೋಡಿ.

ವಿದ್ಯಾನಗರ, ಹುಬ್ಬಳ್ಳಿ (ಕೇಳಿದವರು):
ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಅಂಗೈ ಆಡಿಸಿ ನೋಡಿದೆ, ಮುಂದಿನ ಎಡಗಡೇದು ಚುಚ್ಚಾಕತ್ತೈತಿ. ಅಲೈನ್‌ಮೆಂಟ್ ಮಾಡ್ಸಿ, ಇದ್ದ ಸೈಜಿನ್ಯಾಗ ಟೂರಿಂಗ್ ಹಾಕ್ಸ್ತೇನಿ. ಹಿಂದಿನ ಎರಡರಾಗ ಇನ್ನೂ 4 ಮಿ.ಮೀ. ಮ್ಯಾಲೆ ಐತಿ. ಈಗ ಬರೇ ಎರಡು ತಗೊಂಡು ಮುಂದ ಹಾಕ್ಸಿದ್ರ ನಡೀತೈತಿಲ್ರಿ?

ಹಾವೇರಿ:
ಎರಡೇ ತಗೊಳ್ಳಿ, ಆದರೆ ಹೊಸ ಎರಡನ್ನು ಹಿಂದಕ್ಕೆ ಹಾಕಿಸಿ, ಹಿಂದಿನವನ್ನು ಮುಂದಕ್ಕೆ ತನ್ನಿ. ಮುಂದೆ ಜಾರಿದರೆ ಆಕ್ಸಿಲರೇಟರ್ ಬಿಟ್ಟರೆ ಗಾಡಿ ಸಾಮಾನ್ಯವಾಗಿ ಹಿಡಿತಕ್ಕೆ ಬರುತ್ತದೆ. ಮಳೆಯ ತಿರುವಿನಲ್ಲಿ ಹಿಂಭಾಗ ಜಾರಿದರೆ ಗಾಡಿ ಸುತ್ತಿ ಅಡ್ಡ ನಿಲ್ಲುತ್ತದೆ, ಸರಿಪಡಿಸಲು ಹೊತ್ತು ಸಿಗುವುದಿಲ್ಲ. ಅಂಗಡಿಯ ಹುಡುಗರು ಅಭ್ಯಾಸದಿಂದ ಮುಂದಕ್ಕೇ ಜೋಡಿಸುತ್ತಾರೆ, ಪಕ್ಕದಲ್ಲೇ ನಿಂತು ಹೇಳಿ.

ಕಲಘಟಗಿ:
ಸ್ಟೆಪ್ನಿದೂ ಹವಾ ನೋಡ್ಸ್ರಿ, ಯಲ್ಲಾಪುರ ದಾಟಿದ ಮ್ಯಾಲೆ ರಾತ್ರಿ ಪಂಚರ್ ಅಂಗಡಿ ಸಿಗೂದು ಕಷ್ಟ.